ವಿಜ್ಞಾನಕಥಾ ಪತ್ರಿಕೆಗಳ ಸಂಗ್ರಹ

ವಿಜ್ಞಾನದ ಊಹೆಗಳನ್ನು ಆಧಾರವಾಗಿಟ್ಟುಕೊಂಡ ಕಥೆಗಳಿಗೆಂದೇ ಮೀಸಲಾಗಿ ಹುಟ್ಟಿದ ಹಳೆಯ ನಿಯತಕಾಲಿಕಗಳನ್ನು, ಅದರಲ್ಲಿಯೂ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1926ರಿಂದ ಸುಮಾರು 1955ರ ವರೆಗೆ ಅಚ್ಚಾದವನ್ನು, ಹುಡುಕಿ ತಂದು, ಸಂಪುಟಾನುಕ್ರಮವಾಗಿ ಜೋಡಿಸಿ, ಕಾಪಾಡಿಕೊಂಡು ಬರುವ ಹವ್ಯಾಸಕ್ಕೂ ಆ ಹವ್ಯಾಸದಿಂದ ಬೆಳೆದ ಗ್ರಂಥವಿವರಣ ವಿದ್ಯೆಗೂ ಈ ಹೆಸರು ಸಲ್ಲುತ್ತದೆ. ನಾಣ್ಯ, ತಾಮ್ರಪಟ, ಓಲೆಗರಿ ಮೊದಲಾದವು ಬಾಳಿಕೆ ಬರಲೆಂದು ನಿರ್ಮಿತವಾದ ವಸ್ತುಗಳು. ಇವಾದರೋ ಒಂದು ತಿಂಗಳ ಕಾಲ ಬೀದಿಯಂಗಡಿಯ ಮುಂದೆ ನೇತಾಡಿ, ಇಪ್ಪತ್ತೋ ಇಪ್ಪತ್ತೈದೋ ಸೆಂಟಿಗೆ ಮಾರಾಟವಾಗಿ, ಒಂದು ಸಂಜೆ ಓದಿಸಿಕೊಂಡು, ಕಸದ ಪಾಲಾಗಲೆಂದೇ ಅಚ್ಚಾದವು. ಎಸೆಯಬೇಕಾದುದನ್ನು ಎಸೆಯದೆ ಉಳಿಸಿಕೊಂಡ ಕೆಲವು ಹುಡುಗರ ಹಟದಿಂದ ಇಂದು ಅವು ದೊರೆಯುತ್ತಿವೆ. ಅವುಗಳಲ್ಲಿದ್ದ ಒಳ್ಳೆಯ ಕಥೆಗಳೆಲ್ಲ ಬಹುಮಟ್ಟಿಗೆ ಪುಸ್ತಕಗಳಲ್ಲಿ ಸೇರಿ ಸುಲಭಲಭ್ಯವಾಗಿರುವುದರಿಂದ ಕಥೆಯ ಸಲುವಾಗಿ ಹಳೆಯ ಸಂಚಿಕೆಯನ್ನು ಕೊಳ್ಳುವವರು ವಿರಳ. ಸಂಗ್ರಾಹಕನಿಗೆ ಬೇಕಾದುದು ಸಂಚಿಕೆಯೇ. ಮುಖಪುಟ, ರೇಖಾಚಿತ್ರ, ಓದುಗರ ಪತ್ರ, ಜಾಹೀರಾತು, ಸಂಪಾದಕನ ಆತ್ಮಸ್ತುತಿ ಇವೆಲ್ಲವೂ ಒಂದೇ ಹೊಲಿಗೆಯಲ್ಲಿ ಕೂಡಿರುವ ಆ ಇಡೀ ವಸ್ತುವಿಗೆ ಅವನು ಬೆಲೆ ಕೊಡುತ್ತಾನೆ.

ಈ ಪತ್ರಿಕೆಗಳ ಭೌತಿಕ ಸ್ವರೂಪವನ್ನು ಮೊದಲು ತಿಳಿಯತಕ್ಕದ್ದು. ಏಕೆಂದರೆ ಹವ್ಯಾಸದ ಕಷ್ಟಸುಖಗಳೆಲ್ಲ ಅದರಿಂದಲೇ ಹುಟ್ಟುತ್ತವೆ. ಮರದ ದಿಮ್ಮಿಯನ್ನು ಅರೆದು ತೆಗೆದ ಅಗ್ಗದ ತಿರುಳಿನ ಕಾಗದದ ಮೇಲೆ ಅಚ್ಚಾಗುತ್ತಿದ್ದುದರಿಂದ ಇವಕ್ಕೆ ಇಂಗ್ಲಿಷಿನಲ್ಲಿ ತಿರುಳು ಎಂಬ ಅರ್ಥದ ಪಲ್ಪ್ ಎಂಬ ಹೆಸರೇ ನಿಂತಿತು. ರೂಢಿಯ ಪಲ್ಪ್ ಸಂಚಿಕೆ ಏಳು ಅಂಗುಲ ಅಗಲ, ಹತ್ತು ಅಂಗುಲ ಉದ್ದ. ಒಳಗೆ ನೂರಕ್ಕೆ ಮೇಲ್ಪಟ್ಟ ಒರಟು ಪುಟಗಳು. ಬೆನ್ನಿನ ಪಕ್ಕದಲ್ಲಿ ಚುಚ್ಚಿದ ಎರಡು ತಂತಿ ಪಿನ್ನುಗಳು. ಅದರ ಮೇಲೆ ಅಂಟು ಸವರಿ ಹೊದಿಸಿದ ನುಣುಪಾದ ಬಣ್ಣದ ಮುಖಪುಟ. ಈ ಮುಖಪುಟವು ಒಳಪುಟಗಳಿಗಿಂತ ಮೂರು ಬದಿಯಲ್ಲಿಯೂ ಸ್ವಲ್ಪ ಹೊರಚಾಚಿರುತ್ತಿದ್ದುದರಿಂದ ಅದರ ಅಂಚು ಮೊದಲ ವಾರದಲ್ಲಿಯೇ ಮುದುಡಿ ಹರಿಯುತ್ತಿತ್ತು. ಅಂಚು ಹರಿಯದೆ ಉಳಿದಿರುವ ಪ್ರತಿಯನ್ನು ಕಂಡ ಸಂಗ್ರಾಹಕನು ಮುಟ್ಟುವ ಮುನ್ನ ಕೈ ತೊಳೆದುಕೊಂಡು ಬರುತ್ತಾನೆ. ಮರದಲ್ಲಿ ಸಹಜವಾಗಿರುವ ಲಿಗ್ನಿನ್ ಎಂಬ ಪದಾರ್ಥವನ್ನು ಈ ಕಾಗದದಿಂದ ತೆಗೆದಿರುವುದಿಲ್ಲ. ಶಾಯಿ ಹರಡದಂತೆ ಸೇರಿಸಿದ ರಾಳ ಮತ್ತು ಪಟಿಕಗಳಿಂದ ಆಮ್ಲವೂ ಕೂಡಿಕೊಂಡಿರುತ್ತದೆ. ಬೆಳಕು, ಸೆಕೆ, ತೇವ ಇವು ತಗಲಿದಂತೆಲ್ಲ ಲಿಗ್ನಿನ್ ಕಂದುತ್ತದೆ, ಆಮ್ಲವು ನಾರನ್ನು ಕತ್ತರಿಸುತ್ತದೆ. ಕೆನೆಬಣ್ಣದ ಪುಟ ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ, ಕೊನೆಗೆ ಸುಟ್ಟ ಹಪ್ಪಳದಂತೆ ಮುಟ್ಟಿದಲ್ಲಿ ಮುರಿಯುತ್ತದೆ. ಬಹಳ ಹಳೆಯ ಪ್ರತಿಯೊಂದನ್ನು ಬಿಚ್ಚಿ ಓದಿ ಮುಚ್ಚಿದ ಮೇಲೆ ಮೇಜಿನ ಮೇಲೆ ಕಂದು ಬಣ್ಣದ ಸಣ್ಣ ಸಣ್ಣ ಚೂರುಗಳು ಉದುರಿರುವುದನ್ನು ಕಾಣಬಹುದು. ಒಂದೊಂದು ಓದಿಗೂ ಪತ್ರಿಕೆ ತೆರುವ ಸುಂಕ ಅದು. ನಮ್ಮ ಮಠಗಳ ಓಲೆಗರಿಯ ಕಟ್ಟುಗಳು ನಾಲ್ಕು ಶತಮಾನಗಳನ್ನು ದಾಟಿ ಬಂದಿರುವಾಗ ಯಂತ್ರಯುಗದ ಭವಿಷ್ಯವನ್ನು ಸಾರಿದ ಈ ಹಾಳೆಗಳಿಗೆ ಒಂದು ಶತಮಾನವೂ ಭಾರವಾಯಿತೆಂಬುದು ವಿಚಿತ್ರ.

ವಿಜ್ಞಾನಕಥೆಗಳನ್ನು ಸಾಮಾನ್ಯ ಕಥಾಪತ್ರಿಕೆಗಳು ಮೊದಲೇ ಪ್ರಕಟಿಸುತ್ತಿದ್ದವು. ಎಡ್ಗರ್ ರೈಸ್ ಬರೋಸನ ಮಂಗಳಗ್ರಹದ ಮೊದಲ ಕಥೆ 1912ರಲ್ಲಿಯೇ ಆಲ್-ಸ್ಟೋರಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತ್ತು. ಆದರೆ ಇಂಗ್ಲಿಷಿನಲ್ಲಿ ಈ ಬಗೆಗೇ ಮೀಸಲಾದ ಮೊದಲ ಪತ್ರಿಕೆಯೆಂಬ ಕೀರ್ತಿ ಅಮೇಜಿಂಗ್ ಸ್ಟೋರೀಸ್‌ಗೆ ಸಲ್ಲುತ್ತದೆ. ಲಕ್ಸೆಂಬರ್ಗಿನಲ್ಲಿ 1884ರಲ್ಲಿ ಹುಟ್ಟಿ, ಇಪ್ಪತ್ತರ ಹರೆಯದಲ್ಲಿ ಅಮೆರಿಕಕ್ಕೆ ಬಂದು, ರೇಡಿಯೊ ಸಾಮಗ್ರಿ ಮಾರುತ್ತ, ಅದರ ಸಲುವಾಗಿಯೇ ಮಾಡರ್ನ್ ಎಲೆಕ್ಟ್ರಿಕ್ಸ್ ಮೊದಲಾದ ತಾಂತ್ರಿಕ ಪತ್ರಿಕೆಗಳನ್ನು ನಡೆಸುತ್ತಿದ್ದ ಹ್ಯೂಗೊ ಗರ್ನ್ಸ್‌ಬ್ಯಾಕ್ ಇದರ ಸ್ಥಾಪಕ. ಕಥೆಯ ಸಕ್ಕರೆಯಲ್ಲಿ ವಿಜ್ಞಾನದ ಔಷಧವನ್ನು ಕೊಡಬಹುದೆಂಬುದು ಈತನ ದೃಢವಾದ ನಂಬಿಕೆ. ಔಷಧ ಹೆಚ್ಚಾಗಿ ಸಕ್ಕರೆ ಕಡಮೆಯಾದ ಸಂಚಿಕೆಗಳು ಉಂಟೆಂಬುದನ್ನು ಓದಿದವರು ಒಪ್ಪಿಕೊಳ್ಳಲೇಬೇಕು. 1926ರ ಏಪ್ರಿಲ್ ತಿಂಗಳ ಮೊದಲ ಸಂಚಿಕೆಯ ಬೆಲೆ 25 ಸೆಂಟು, ಪುಟಗಳು 96, ಆಕಾರ ರೂಢಿಯ ಪಲ್ಪಿಗಿಂತ ದೊಡ್ಡದು, ಸಂಗ್ರಾಹಕರ ಪರಿಭಾಷೆಯಲ್ಲಿ ಬೆಡ್‌ಷೀಟ್. ಒಳಗಿರುವ ಆರು ಕಥೆಗಳೂ ಹಿಂದೆ ಬೇರೆಡೆ ಅಚ್ಚಾದವೇ. ವರ್ನ್, ವೆಲ್ಸ್, ಪೋ ಈ ಮೂವರ ಹೆಸರುಗಳು ಪತ್ರಿಕೆಗೆ ವಂಶವೃಕ್ಷವನ್ನು ಒದಗಿಸಿದವು. ಮುಖಪುಟವನ್ನು ಬರೆದವನು ಫ್ರ್ಯಾಂಕ್ ಆರ್. ಪಾಲ್. ಹಳದಿಯ ಆಕಾಶ, ಅದರಲ್ಲಿ ಉಂಗುರ ಸಹಿತವಾಗಿ ತೂಗುವ ಬೃಹದಾಕಾರದ ಶನಿಗ್ರಹ, ಕೆಳಗೆ ಮಂಜುಗಡ್ಡೆಯ ದಿಬ್ಬಗಳ ಮೇಲೆ ಸಿಕ್ಕಿಕೊಂಡ ಹಡಗುಗಳು, ಮುಂಭಾಗದಲ್ಲಿ ಏನೂ ಆಗಿಲ್ಲವೆಂಬಂತೆ ಹಿಮದ ಮೇಲೆ ಜಾರುತ್ತಿರುವ ಜನ. ಪತ್ರಿಕೆಯ ಹೆಸರಿನ ಅಕ್ಷರಗಳು ಎಡದಲ್ಲಿ ದೊಡ್ಡವಾಗಿ ಆರಂಭವಾಗಿ ಬಲಕ್ಕೆ ಹೋದಂತೆ ಧೂಮಕೇತುವಿನ ಬಾಲದ ಹಾಗೆ ಕಿರಿದಾಗುತ್ತವೆ. ಪಾಲ್ ಬರೆದ ಯಂತ್ರಗಳಿಗೂ ನಗರಗಳಿಗೂ ಇರುವ ಜೀವಂತಿಕೆ ಆತ ಬರೆದ ಮನುಷ್ಯರಿಗಿಲ್ಲ. ಅವರು ಚನ್ನಪಟ್ಟಣದ ಗೊಂಬೆಗಳಂತೆ ನೆಟ್ಟಗೆ ನಿಂತಿರುತ್ತಾರೆ. ಆದರೂ ಆ ಕಾಲದ ಓದುಗನ ಕಣ್ಣಿಗೆ ಭವಿಷ್ಯಕಾಲವೆಂದರೆ ಪಾಲ್ ಬರೆದಂತೆಯೇ ಇತ್ತು.

ಅಮೇಜಿಂಗ್ ಪತ್ರಿಕೆಯ ಮೊದಲ ಮೂರು ವರ್ಷದ ಸಂಚಿಕೆಗಳಲ್ಲಿ ಕೆಲವಕ್ಕೆ ವಿಶೇಷ ಬೇಡಿಕೆಯುಂಟು. ವೆಲ್ಸನ ಮಂಗಳಲೋಕದ ಯುದ್ಧದ ಚಿತ್ರವನ್ನು ಹೊತ್ತ 1927ರ ಆಗಸ್ಟ್ ಸಂಚಿಕೆ ಒಂದು. ಮರುತಿಂಗಳ ಸಂಚಿಕೆ, ಎಚ್. ಪಿ. ಲವ್‌ಕ್ರಾಫ್ಟನ ದ ಕಲರ್ ಔಟ್ ಆಫ್ ಸ್ಪೇಸ್ ಎಂಬ ಕಥೆಯಿರುವುದರಿಂದ, ಇನ್ನೊಂದು. ಈ ಕಥೆಗೆ ಲೇಖಕನಿಗೆ ಸಂದದ್ದು 25 ಡಾಲರು, ಅದೂ ಕೇಳಿ ಕೇಳಿ ಬರೆದ ಮೇಲೆ. ಗರ್ನ್ಸ್‌ಬ್ಯಾಕ್ ಹಣ ಬಿಚ್ಚುವುದರಲ್ಲಿ ಬಹಳ ನಿಧಾನಿ. ಆ ಸಂಚಿಕೆಯ ಒಂದೇ ಒಂದು ಪ್ರತಿಗೆ ಇಂದು ಆ ಸಂಭಾವನೆಯ ಎಷ್ಟೋ ಪಟ್ಟು ತೆರಬೇಕಾಗುತ್ತದೆ. 1928ರ ಆಗಸ್ಟ್ ಸಂಚಿಕೆಯಲ್ಲಿ ಇ. ಇ. ಸ್ಮಿತ್‌ನ ಸ್ಕೈಲಾರ್ಕ್ ಆಫ್ ಸ್ಪೇಸ್ ಆರಂಭವಾಯಿತು. ಮುಂದೆ ಬಕ್ ರಾಜರ್ಸ್ ಎಂದು ಚಿತ್ರಕಥೆಯಲ್ಲಿ ಜಗತ್ಪ್ರಸಿದ್ಧನಾದ ವೀರನು ಮೊದಲು ಕಾಣಿಸಿಕೊಂಡದ್ದೂ ಅದೇ ಸಂಚಿಕೆಯ ಮತ್ತೊಂದು ಕಥೆಯಲ್ಲಿ. ಮುಖಪುಟದಲ್ಲಿ ಕೆಂಪು ಉಡುಪಿನ ಮನುಷ್ಯನೊಬ್ಬ ಗಾಳಿಯಲ್ಲಿ ಹಾರುತ್ತಿದ್ದಾನೆ. ಇವನೇ ಬಕ್ ರಾಜರ್ಸ್ ಎಂದು ಹೇಳಿ ಮಾರುವವರೂ ಹಾಗೆಂದೇ ನಂಬಿ ಕೊಳ್ಳುವವರೂ ಇದ್ದಾರೆ. ವಾಸ್ತವದಲ್ಲಿ ಆ ಚಿತ್ರ ಸ್ಮಿತ್‌ನ ಕಥೆಗೆ ಸೇರಿದ್ದು. ಸಂಚಿಕೆಯನ್ನು ಓದಿದ ಸಂಗ್ರಾಹಕನಿಗೂ ಬೆಲೆಪಟ್ಟಿಯನ್ನು ಮಾತ್ರ ಓದಿದವನಿಗೂ ಇರುವ ಅಂತರ ಇಲ್ಲಿ ಬಯಲಾಗುತ್ತದೆ.

1929ರಲ್ಲಿ ದಿವಾಳಿಯಿಂದಾಗಿ ಅಮೇಜಿಂಗ್ ಗರ್ನ್ಸ್‌ಬ್ಯಾಕ್‌ನ ಕೈತಪ್ಪಿತು. ಅದೇ ವರ್ಷ ಆತ ಸೈನ್ಸ್ ವಂಡರ್ ಸ್ಟೋರೀಸ್, ಏರ್ ವಂಡರ್ ಸ್ಟೋರೀಸ್ ಎಂಬ ಎರಡು ಪತ್ರಿಕೆಗಳನ್ನು ಹೊರಡಿಸಿ, ಮರುವರ್ಷ ಎರಡನ್ನೂ ಕೂಡಿಸಿ ವಂಡರ್ ಸ್ಟೋರೀಸ್ ಎಂದು ಮಾಡಿದನು. ಈ ಕೂಡುವಿಕೆ, ಒಡೆಯುವಿಕೆ, ಹೆಸರು ಬದಲಾವಣೆಗಳಿಂದ ಸಂಪುಟಸಂಖ್ಯೆಗಳಲ್ಲಿ ಉಂಟಾಗುವ ಗೊಂದಲವನ್ನು ಬಿಡಿಸುವುದೇ ಹೊಸ ಸಂಗ್ರಾಹಕನ ಮೊದಲ ಪಾಠ.

ಅಸ್ಟೌಂಡಿಂಗ್ ಪತ್ರಿಕೆಯ ಜನನದ ಕಥೆ ಬೇರೆ ಬಗೆಯದು. ವಿಲಿಯಂ ಕ್ಲೇಟನ್ ಎಂಬ ಪ್ರಕಾಶಕನಿಗೆ ಹದಿಮೂರು ಪಲ್ಪ್ ಪತ್ರಿಕೆಗಳಿದ್ದವು. ಅವೆಲ್ಲದರ ಮುಖಪುಟಗಳು ಹದಿನಾರು ಮನೆಗಳಿರುವ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುತ್ತಿದ್ದುದರಿಂದ ಪ್ರತಿ ತಿಂಗಳೂ ಮೂರು ಮನೆಗಳು ಖಾಲಿ ಉಳಿದು ಕಾಗದ ವ್ಯರ್ಥವಾಗುತ್ತಿತ್ತು. ಆ ಖಾಲಿ ಮನೆಗಳನ್ನು ತುಂಬಲು ಹೊಸ ಪತ್ರಿಕೆಗಳು ಬೇಕಾದವೆಂದೂ, ಅವುಗಳಲ್ಲಿ ಒಂದಾಗಿ ಅಸ್ಟೌಂಡಿಂಗ್ ಸ್ಟೋರೀಸ್ ಆಫ್ ಸೂಪರ್-ಸೈನ್ಸ್ ಹುಟ್ಟಿತೆಂದೂ ಅದರ ಪ್ರಥಮ ಸಂಪಾದಕ ಹ್ಯಾರಿ ಬೇಟ್ಸ್ ಮುಂದೆ ನೆನಪು ಮಾಡಿಕೊಂಡಿದ್ದಾನೆ. ಆ ಶತಮಾನದ ವಿಜ್ಞಾನಕಥೆಯ ಪ್ರಧಾನ ಪೀಠ ಉಳಿಕೆಯ ಕಾಗದದಿಂದ ಎದ್ದು ನಿಂತಿತು. 1930ರ ಜನವರಿಯ ಮೊದಲ ಸಂಚಿಕೆಯ ಮೇಲೆ ದೈತ್ಯಾಕಾರದ ಜೀರುಂಡೆಯೊಡನೆ ಹೋರಾಡುವ ಮನುಷ್ಯನ ಚಿತ್ರವಿದೆ. ಬರೆದವನು ವೆಸ್ಸೊ ಎಂಬ ಕಿರುಹೆಸರಿನ ಹಾನ್ಸ್ ವೆಸೊಲೋವ್‌ಸ್ಕಿ. 1933ರ ಮಾರ್ಚಿಗೆ ಕ್ಲೇಟನ್‌ನ ವ್ಯವಹಾರ ಮುಳುಗುವ ವೇಳೆಗೆ 34 ಸಂಚಿಕೆಗಳು ಹೊರಬಂದಿದ್ದವು. ಇವನ್ನು ಒಂದೂ ಬಿಡದೆ ಕೂಡಿಸುವುದು ಅಮೇಜಿಂಗ್‌ನ ಮೊದಲ ಸಂಪುಟಗಳನ್ನು ಕೂಡಿಸುವುದಕ್ಕಿಂತ ಕಷ್ಟವೆಂಬುದು ಅನುಭವಿಗಳ ಮಾತು; ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಪತ್ರಿಕೆಯನ್ನು ಕೊಂಡವನು ಓದಿ ನೆರೆಯವನಿಗೆ ಕೊಟ್ಟನೇ ಹೊರತು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಲಿಲ್ಲ.

ಸ್ಟ್ರೀಟ್ ಅಂಡ್ ಸ್ಮಿತ್ ಸಂಸ್ಥೆ ಪತ್ರಿಕೆಯನ್ನು ಕೊಂಡು 1933ರ ಅಕ್ಟೋಬರಿನಲ್ಲಿ ಮತ್ತೆ ಹೊರಡಿಸಿತು. 1937ರ ಕೊನೆಯಲ್ಲಿ ಸಂಪಾದಕನಾಗಿ ಬಂದ ಜಾನ್ ಡಬ್ಲ್ಯು. ಕ್ಯಾಂಬೆಲ್ ಮರುವರ್ಷದ ಮಾರ್ಚಿನಿಂದ ಅದಕ್ಕೆ ಅಸ್ಟೌಂಡಿಂಗ್ ಸೈನ್ಸ್-ಫಿಕ್ಷನ್ ಎಂದು ಹೆಸರಿಟ್ಟನು. ವ್ಯಾನ್ ವೋಟ್‌ನ ಪ್ರಥಮ ವಿಜ್ಞಾನಕಥೆಯೂ ಐಸಾಕ್ ಅಸಿಮೊವ್ ಈ ಪತ್ರಿಕೆಗೆ ಬರೆದ ಮೊದಲ ಕಥೆಯೂ ಕೂಡಿಬಂದ 1939ರ ಜುಲೈ ಸಂಚಿಕೆಯಿಂದ ವಿಜ್ಞಾನಕಥೆಯ ಸುವರ್ಣಯುಗವನ್ನು ಎಣಿಸುವುದು ವಾಡಿಕೆ. ಮರುತಿಂಗಳು ರಾಬರ್ಟ್ ಹೈನ್‌ಲೈನ್‌ನ ಮೊದಲ ಕಥೆ ಬಂದಿತು. 1941ರ ಸೆಪ್ಟೆಂಬರಿನಲ್ಲಿ ಅಸಿಮೊವ್‌ನ ನೈಟ್‌ಫಾಲ್, 1942ರ ಮೇ ತಿಂಗಳಲ್ಲಿ ಫೌಂಡೇಷನ್. ಯುದ್ಧಕಾಲದ ಕಾಗದದ ಅಭಾವ ಪತ್ರಿಕೆಯ ಮೈಮೇಲೆಯೇ ಬರೆದಂತಿದೆ: 1942ರ ಜನವರಿಯಿಂದ 1943ರ ಏಪ್ರಿಲ್ ವರೆಗೆ ಹಿರಿಯ ಆಕಾರ, ಅನಂತರ ಆರು ತಿಂಗಳು ಹಳೆಯ ಪಲ್ಪ್ ಆಕಾರ, ಆ ವರ್ಷದ ನವೆಂಬರಿನಿಂದ ಅಂಗೈಯಲ್ಲಿ ಹಿಡಿಸುವ ಡೈಜೆಸ್ಟ್ ಆಕಾರ. ಎರಡು ವರ್ಷದಲ್ಲಿ ಮೂರು ಅಳತೆಗಳಾದ ಈ ಪತ್ರಿಕೆಗೆ ಒಂದೇ ಎತ್ತರದ ಕಪಾಟು ಮಾಡಿಸಿದ ಬಡಗಿ ಇನ್ನೂ ಹುಟ್ಟಿಲ್ಲ. 1944ರ ಮಾರ್ಚ್ ಸಂಚಿಕೆಯ ಡೆಡ್‌ಲೈನ್ ಎಂಬ ಕಥೆ ಸಾಹಿತ್ಯದೃಷ್ಟಿಯಿಂದ ಸಾಧಾರಣವಾದುದು; ಆದರೆ ಅಣುಬಾಂಬಿನ ರಚನೆಯನ್ನು ಅದರಲ್ಲಿ ವಿವರಿಸಿದ್ದುದರಿಂದ ಗುಪ್ತಚರರು ಸಂಪಾದಕನ ಕೊಠಡಿಗೆ ಬಂದು ವಿಚಾರಿಸಿದರು. ಹಿರೋಶಿಮಕ್ಕೆ ಇನ್ನೂ ಒಂದೂವರೆ ವರ್ಷವಿದ್ದಿತು. ಆ ಸಂಚಿಕೆಯನ್ನು ಸಂಗ್ರಾಹಕರು ಕಥೆಗಾಗಿ ಕೊಳ್ಳುವುದಿಲ್ಲ, ಆ ವಿಚಾರಣೆಗಾಗಿ ಕೊಳ್ಳುತ್ತಾರೆ.

1948ರ ನವೆಂಬರ್ ಸಂಚಿಕೆಯಲ್ಲಿ ಓದುಗನೊಬ್ಬನು ಮರುವರ್ಷದ ನವೆಂಬರ್ ಸಂಚಿಕೆಯನ್ನು ಆಗಲೇ ಓದಿದವನಂತೆ ನಟಿಸಿ, ಅದರಲ್ಲಿನ ಕಥೆಗಳನ್ನೂ ಲೇಖಕರನ್ನೂ ಹೆಸರಿಸಿ ಗುಣದೋಷಗಳನ್ನು ವಿಮರ್ಶಿಸಿ ಪತ್ರ ಬರೆದನು. ಕ್ಯಾಂಬೆಲ್ ಆ ಪತ್ರವನ್ನು ಅಚ್ಚು ಹಾಕಿ ಸುಮ್ಮನಾಗಲಿಲ್ಲ. ಗುಟ್ಟಾಗಿ ಹೈನ್‌ಲೈನ್, ವ್ಯಾನ್ ವೋಟ್, ಸ್ಟರ್ಜನ್ ಮೊದಲಾದ ಲೇಖಕರಿಗೆ ಬರೆದು ಅವೇ ಶೀರ್ಷಿಕೆಗಳ ಕಥೆಗಳನ್ನು ಬರೆಸಿಕೊಂಡು, ಒಂದು ವರ್ಷದ ತರುವಾಯ ಬಹುಮಟ್ಟಿಗೆ ಅದೇ ಸಂಚಿಕೆಯನ್ನು ಹೊರಡಿಸಿದನು. ಈ ಎರಡು ಸಂಚಿಕೆಗಳು ಒಟ್ಟಿಗೆ ಇದ್ದರೆ ಮಾತ್ರ ವಿನೋದ. ಒಂದನ್ನು ಮಾತ್ರ ಕೊಂಡವನು ಪ್ರಶ್ನೆಯಿಲ್ಲದ ಉತ್ತರವನ್ನೋ ಉತ್ತರವಿಲ್ಲದ ಪ್ರಶ್ನೆಯನ್ನೋ ಇಟ್ಟುಕೊಂಡಂತಾಗುತ್ತದೆ. ಪ್ರಖ್ಯಾತವಾದ ಒಂದೊಂದು ಸಂಚಿಕೆಯನ್ನು ಆರಿಸಿಕೊಳ್ಳುವ ಸಂಗ್ರಹಕ್ಕಿಂತ, ಹರಿದದ್ದಾದರೂ ಸರಿ, ಮಧ್ಯೆ ಕಡಿಯದೆ ಸಾಗುವ ವರ್ಷಾನುವರ್ಷದ ಸಾಲನ್ನು ಕೂಡಿಸುವ ಸಂಗ್ರಹವೇ ಮೇಲು ಎಂದು ಹೇಳುವುದಕ್ಕೆ ಇದೊಂದು ನಿದರ್ಶನ ಸಾಕು.

ಉಳಿದ ಪತ್ರಿಕೆಗಳಲ್ಲಿ ಅದ್ಭುತ ಭಯಾನಕ ಕಥೆಗಳ ವಿಯರ್ಡ್ ಟೇಲ್ಸ್ (1923), ಕ್ಯಾಂಬೆಲ್‌ನದೇ ಆದ ಅಲ್ಪಾಯುಷಿ ಅನ್‌ನೋನ್ (1939-43), ಗ್ರಹಾಂತರ ಸಾಹಸಗಳ ಪ್ಲಾನೆಟ್ ಸ್ಟೋರೀಸ್ (1939-55), ಸ್ಟಾರ್ಟ್ಲಿಂಗ್ ಸ್ಟೋರೀಸ್ (1939) ಹೆಸರಾದವು. 1949ರಲ್ಲಿ ಹುಟ್ಟಿದ ಮ್ಯಾಗಜೀನ್ ಆಫ್ ಫ್ಯಾಂಟಸಿ ಅಂಡ್ ಸೈನ್ಸ್ ಫಿಕ್ಷನ್, 1950ರ ಗ್ಯಾಲಕ್ಸಿ ಇವು ಡೈಜೆಸ್ಟ್ ಆಕಾರದವು. ಇವುಗಳ ಬರೆಹದ ಮಟ್ಟ ಹಿಂದಿನವಕ್ಕಿಂತ ಮೇಲಾದರೂ ಪ್ರತಿಗಳು ಧಾರಾಳವಾಗಿ ದೊರೆಯುವುದರಿಂದ ಬೆಲೆ ಸುಲಭ. ಹೊಸಬನು ಇಲ್ಲಿಂದ ಆರಂಭಿಸುವುದು ಕ್ಷೇಮ. ಪಾಕೆಟ್ ಪುಸ್ತಕ, ಚಿತ್ರಕಥೆ, ಟೆಲಿವಿಷನ್ ಇವುಗಳ ಪೈಪೋಟಿಯಲ್ಲಿ ಪಲ್ಪ್ ಆಕಾರ ಅಳಿಯಿತು. 1958ರಲ್ಲಿ ನಿಂತ ಸೈನ್ಸ್ ಫಿಕ್ಷನ್ ಕ್ವಾರ್ಟರ್ಲಿ ಆ ವಂಶದ ಕೊನೆಯ ಕುಡಿ.

ಹಳೆಯ ಪ್ರತಿಗಳು ವಿರಳವಾದುದಕ್ಕೆ ಕಾಗದದ ದೌರ್ಬಲ್ಯವೊಂದೇ ಕಾರಣವಲ್ಲ. ಯುದ್ಧಕಾಲದಲ್ಲಿ ದೇಶಸೇವೆಯೆಂದು ಮನೆಮನೆಗಳಿಂದ ರದ್ದಿ ಕಾಗದವನ್ನು ಸಂಗ್ರಹಿಸಿದಾಗ ಅಟ್ಟದ ಮೇಲಿನ ಗಂಟುಗಳೆಲ್ಲ ಲಾರಿ ಹತ್ತಿದವು. ಮಗ ಸೈನ್ಯಕ್ಕೆ ಹೋಗಿದ್ದಾಗ ತಾಯಿ ಅವನ ಕೋಣೆಯನ್ನು ಚೊಕ್ಕಟ ಮಾಡಿದ ಕಥೆ ಈ ಹವ್ಯಾಸಿಗಳ ಸಭೆಯಲ್ಲಿ ಇಂದಿಗೂ ಕೇಳಿಬರುವ ಕರುಣರಸದ ಪ್ರಸಂಗ. ಇಂಗ್ಲೆಂಡಿನ ಪರಿಸ್ಥಿತಿ ಬೇರೆ. ಮಾರಾಟವಾಗದ ಅಮೆರಿಕದ ಸಂಚಿಕೆಗಳು ಅಲ್ಲಿನ ವುಲ್‌ವರ್ತ್ ಅಂಗಡಿಗಳಲ್ಲಿ ಮೂರು ಪೆನ್ನಿಗೆ ಬಿಕರಿಯಾಗುತ್ತಿದ್ದವು. ಹಡಗುಗಳಲ್ಲಿ ಸಮತೂಕಕ್ಕಾಗಿ ತುಂಬಿ ತಂದವು ಇವು ಎಂಬ ಐತಿಹ್ಯವೂ ಉಂಟು. ಸಾಮರ್ಸೆಟ್ಟಿನ ಮೈನ್‌ಹೆಡ್ ಎಂಬ ಊರಿನ ಹುಡುಗ ಆರ್ಥರ್ ಸಿ. ಕ್ಲಾರ್ಕ್ ಹೀಗೆ ಪತ್ರಿಕೆಗಳನ್ನು ಕೂಡಿಸಿದನು. ಗುರುಗ್ರಹದ ಚಿತ್ರವಿದ್ದ 1928ರ ನವೆಂಬರಿನ ಅಮೇಜಿಂಗ್ ಸಂಚಿಕೆ ತನ್ನ ಕಣ್ಣಿಗೆ ಬಿದ್ದ ಮೊದಲನೆಯದೆಂದು ಆತ ಬರೆದುಕೊಂಡಿದ್ದಾನೆ. 1940ರಲ್ಲಿ ಆಮದು ನಿಂತಿತು. ಮುಂದೆ ಸುಮಾರು ಎರಡು ದಶಕಗಳ ಕಾಲ ಇಂಗ್ಲೆಂಡಿನ ಓದುಗರಿಗೆ ಗತಿಯಾದದ್ದು ಅಲ್ಲಿಯೇ ಅಚ್ಚಾದ, ಕಥೆಗಳನ್ನು ಕಡಮೆ ಮಾಡಿ ತೆಳುವಾಗಿಸಿದ ಮರುಮುದ್ರಣಗಳು. ಅಸ್ಟೌಂಡಿಂಗ್‌ನ ಬ್ರಿಟಿಷ್ ಆವೃತ್ತಿಯನ್ನು ಅಮೆರಿಕದ ಮೂಲವೆಂದು ಭ್ರಮಿಸಿ ಕೊಳ್ಳದಂತೆ ಪುಟಸಂಖ್ಯೆಯನ್ನೂ ಬೆಲೆ ನಮೂದಿಸಿದ ನಾಣ್ಯವನ್ನೂ ನೋಡಿಕೊಳ್ಳತಕ್ಕದ್ದು.

ಸಂಗ್ರಾಹಕರ ಸಮಾಜ ಹುಟ್ಟಿದ್ದು ಓದುಗರ ಪತ್ರಗಳ ಪುಟದಿಂದ. ಗರ್ನ್ಸ್‌ಬ್ಯಾಕ್ ಪತ್ರಲೇಖಕರ ಪೂರ್ಣ ವಿಳಾಸವನ್ನು ಪ್ರಕಟಿಸುತ್ತಿದ್ದುದರಿಂದ ಅವರು ಪರಸ್ಪರ ಬರೆದುಕೊಂಡು, ಕೂಟ ಕಟ್ಟಿ, ಸಂಚಿಕೆಗಳನ್ನು ವಿನಿಮಯ ಮಾಡಿಕೊಳ್ಳತೊಡಗಿದರು. ಅವರಲ್ಲಿ ಅಗ್ರಗಣ್ಯನು ಲಾಸ್ ಏಂಜಲಿಸ್‌ನ ಫಾರೆಸ್ಟ್ ಜೆ. ಆಕರ್‌ಮನ್. ಒಂಬತ್ತು ವರ್ಷದ ಬಾಲಕನಾಗಿದ್ದಾಗ 1926ರ ಅಕ್ಟೋಬರಿನ ಅಮೇಜಿಂಗ್ ಸಂಚಿಕೆಯಿಂದ ಮೊದಲಾದ ಈತನ ಸಂಗ್ರಹ ಪುಸ್ತಕ, ಪತ್ರಿಕೆ, ಚಲನಚಿತ್ರ ಸಾಮಗ್ರಿಗಳೆಲ್ಲ ಸೇರಿ ಸುಮಾರು ಮೂರು ಲಕ್ಷ ವಸ್ತುಗಳಿಗೆ ಬೆಳೆಯಿತು; ಶನಿವಾರಗಳಲ್ಲಿ ಈತ ಮನೆಯ ಬಾಗಿಲನ್ನು ತೆರೆದು, ಬಂದ ಅಪರಿಚಿತರಿಗೆಲ್ಲ ತಾನೇ ತೋರಿಸುತ್ತಿದ್ದನು. ಅದೊಂದು ಸಾರ್ವಜನಿಕ ಸಂಗ್ರಹಾಲಯವಾಗಬೇಕೆಂಬ ಈತನ ಆಸೆ ಕೈಗೂಡಲಿಲ್ಲ. ಜೀವಿತದ ಕೊನೆಯ ವರ್ಷಗಳಲ್ಲಿ ಬಹುಭಾಗ ಮಾರಾಟವಾಯಿತು; 2008ರಲ್ಲಿ ಈತ ತೀರಿಕೊಂಡ ಮೇಲೆ ಉಳಿದುದೂ ಹರಾಜಾಯಿತು. ಪೋರ್ಟ್‌ಲೆಂಡಿನ ಡೊನಾಲ್ಡ್ ಬಿ. ಡೇ 1952ರಲ್ಲಿ ಪ್ರಕಟಿಸಿದ, 1926ರಿಂದ 1950ರ ವರೆಗಿನ ಪತ್ರಿಕೆಗಳ ಸೂಚಿ ಇವರೆಲ್ಲರ ಕೈಪಿಡಿಯಾಯಿತು. ಕಥೆ, ಲೇಖಕ, ಗುಪ್ತನಾಮ, ಸಂಚಿಕೆ, ಪುಟ ಇವನ್ನು ಕಣ್ಣಾರೆ ಕಂಡು ಗುರುತು ಹಾಕಿಕೊಂಡ ಆ ದುಡಿಮೆ ಯಾವ ವಿಶ್ವವಿದ್ಯಾನಿಲಯದ ಆಶ್ರಯವೂ ಇಲ್ಲದೆ ನಡೆದುದೆಂಬುದನ್ನು ಮರೆಯಲಾಗದು.

ಪ್ರತಿಯ ಸ್ಥಿತಿಯನ್ನು ಅತ್ಯುತ್ತಮದಿಂದ ಕನಿಷ್ಠದ ವರೆಗೆ ದರ್ಜೆಗಳಾಗಿ ವಿಂಗಡಿಸುವ ಪದ್ಧತಿಯಿದೆ. ಬೆನ್ನಿನ ಕಾಗದ ಉದುರಿದೆಯೆ, ಬೆನ್ನು ಒಂದು ಕಡೆಗೆ ವಾಲಿದೆಯೆ, ಪಿನ್ನಿನ ತುಕ್ಕು ಪುಟಗಳಿಗೆ ಇಳಿದಿದೆಯೆ, ಕೂಪನ್ನಿಗಾಗಿ ಜಾಹೀರಾತನ್ನು ಕತ್ತರಿಸಿದ್ದಾರೆಯೆ ಎಂದು ಪರೀಕ್ಷಿಸಬೇಕು. ಒಂದು ಪ್ರತಿಯ ಮುಖಪುಟವನ್ನು ಇನ್ನೊಂದರ ಒಡಲಿಗೆ ಅಂಟಿಸಿ ಪೂರ್ಣಪ್ರತಿಯೆಂದು ಮಾರುವುದೂ ಉಂಟು. ಪಿನ್ನಿನ ತೂತುಗಳೂ ಕಲೆಗಳೂ ಎರಡರಲ್ಲಿಯೂ ಒಂದೇ ನೇರಕ್ಕೆ ಬರದಿದ್ದರೆ ಸಂಶಯಪಡಬೇಕು. ರಟ್ಟು ಹಾಕಿಸಿದ ಸಂಪುಟಗಳು ಅಗ್ಗ. ಏಕೆಂದರೆ ರಟ್ಟಿನವನು ಸಾಮಾನ್ಯವಾಗಿ ಮುಖಪುಟವನ್ನೂ ಜಾಹೀರಾತಿನ ಹಾಳೆಗಳನ್ನೂ ಹರಿದು ಹಾಕಿ, ಅಂಚನ್ನು ಸವರಿ ಚೆಂದ ಮಾಡಿರುತ್ತಾನೆ. ಮನೆಯಲ್ಲಿಯೇ ರೇಡಿಯೊ ರಿಪೇರಿ ಕಲಿಸುವ ಅಂಚೆ ಶಿಕ್ಷಣ, ಮೈಕಟ್ಟು ಬೆಳೆಸುವ ವ್ಯಾಯಾಮಕ್ರಮ, ಅಂಡವಾಯುವಿನ ಪಟ್ಟಿ ಇವುಗಳ ಆ ಜಾಹೀರಾತುಗಳು ಈ ಕಥೆಗಳನ್ನು ಓದುತ್ತಿದ್ದವರು ಯಾರೆಂಬುದನ್ನು ಯಾವ ವಿಮರ್ಶಕನಿಗಿಂತಲೂ ಸ್ಪಷ್ಟವಾಗಿ ಹೇಳುತ್ತವೆ. ಕಾಪಾಡುವ ಕ್ರಮ ಸರಳ: ಆಮ್ಲರಹಿತವಾದ ರಟ್ಟಿನ ಆಸರೆ, ಪಾಲಿಯೆಸ್ಟರ್ ಹಾಳೆಯ ಚೀಲ, ಕತ್ತಲೆ, ತಂಪು, ಒಣಹವೆ. ಹರಿದುದನ್ನು ಅಂಗಡಿಯ ಅಂಟುಪಟ್ಟಿಯಿಂದ ಕೂಡಿಸುವುದು ಮಹಾಪರಾಧ. ಆ ಅಂಟು ಹತ್ತಿಪ್ಪತ್ತು ವರ್ಷದಲ್ಲಿ ಪುಟವನ್ನು ಕಂದಾಗಿಸಿ ತಾನು ಉದುರಿಹೋಗುತ್ತದೆ. ಕರಾವಳಿಯ ಮತ್ತು ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ತೇವವೂ ಗೆದ್ದಲೂ ಸೇರಿ ಈ ಕೆಲಸವನ್ನು ಇಮ್ಮಡಿ ಕಷ್ಟವಾಗಿಸುತ್ತವೆ. ಈಚೆಗೆ ಪ್ರತಿಗಳನ್ನು ಗಟ್ಟಿಯಾದ ಪಾರದರ್ಶಕ ಕವಚದೊಳಗೆ ಮುದ್ರೆಯೊತ್ತಿ ಮಾರುವ ಪದ್ಧತಿ ಬಂದಿದೆ. ಪುಟ ತಿರುವಲಾಗದ ಪತ್ರಿಕೆಯನ್ನು ಪತ್ರಿಕೆಯೆಂದು ಕರೆಯಲು ಈ ಲೇಖಕನಿಗೆ ಮನಸ್ಸು ಬರುವುದಿಲ್ಲ.

ಸಾರ್ವಜನಿಕ ಸಂಗ್ರಹಗಳಲ್ಲಿ ಲೇಖಕಿ ಜೂಡಿತ್ ಮೆರಿಲ್ 1970ರಲ್ಲಿ ತನ್ನ ಗ್ರಂಥಗಳನ್ನು ದಾನ ಮಾಡಿದ್ದರಿಂದ ಆರಂಭವಾದ ಟೊರಾಂಟೊ ಸಾರ್ವಜನಿಕ ಗ್ರಂಥಾಲಯದ ಮೆರಿಲ್ ಸಂಗ್ರಹ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ರಿವರ್‌ಸೈಡ್ ಶಾಖೆಯ ಈಟನ್ ಸಂಗ್ರಹ, ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯದಲ್ಲಿರುವ ಸೈನ್ಸ್ ಫಿಕ್ಷನ್ ಫೌಂಡೇಷನ್ನಿನ ಸಂಗ್ರಹ, ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ವಿದ್ಯಾರ್ಥಿಗಳು 1949ರಿಂದ ನಡೆಸಿಕೊಂಡು ಬಂದಿರುವ ಸಂಘದ ಗ್ರಂಥಾಲಯ ಇವು ಮುಖ್ಯ. ಭಾರತದಲ್ಲಿ ಈ ಬಗೆಗೆ ಮೀಸಲಾದ ಮೊದಲ ಪತ್ರಿಕೆ ಅದ್ರೀಶ್ ಬರ್ಧನ್ 1963ರಲ್ಲಿ ಕೋಲ್ಕತ್ತದಿಂದ ಹೊರಡಿಸಿದ ಆಶ್ಚರ್ಯ ಎಂಬ ಬಂಗಾಳಿ ಮಾಸಿಕ.

ಹಳೆಯ ಸಂಚಿಕೆಗಳ ಛಾಯಾಪ್ರತಿಗಳು ಈಗ ಅಂತರ್ಜಾಲದಲ್ಲಿ ಹೇರಳವಾಗಿ ದೊರೆಯುತ್ತವೆ. ಇವುಗಳಿಂದ ಓದುಗನಿಗೂ ಸಂಶೋಧಕನಿಗೂ ಆಗಿರುವ ಉಪಕಾರ ದೊಡ್ಡದು. ಆದರೆ ಹಾಳೆಯನ್ನು ಗಾಜಿನ ಮೇಲೆ ಚಪ್ಪಟೆಯಾಗಿ ಮಲಗಿಸಲು ಎಷ್ಟೋ ಪ್ರತಿಗಳ ಪಿನ್ನು ಕಿತ್ತು ಬೆನ್ನು ಬಿಡಿಸಬೇಕಾಯಿತೆಂಬುದನ್ನೂ ಹೇಳಬೇಕು. ಅಮೇಜಿಂಗ್ ಸ್ಟೋರೀಸ್‌ನ ಪ್ರಥಮ ಸಂಚಿಕೆ 2022ರ ಜನವರಿ 1ರ ವೇಳೆಗೆ ಅಮೆರಿಕದಲ್ಲಿ ಹಕ್ಕುಸ್ವಾಮ್ಯದಿಂದ ಸಂಪೂರ್ಣವಾಗಿ ಮುಕ್ತವಾಯಿತು. ಅದನ್ನು ಯಾರು ಬೇಕಾದರೂ ಅದೇ ಬಣ್ಣದ ಮುಖಪುಟದೊಡನೆ ಬಿಳಿಯ ಗಟ್ಟಿ ಕಾಗದದ ಮೇಲೆ ಅಚ್ಚು ಹಾಕಬಹುದು, ಹಾಕಿದವರೂ ಇದ್ದಾರೆ. ಕೊಳ್ಳುವವನು ಮೊದಲು ಮೂಸಿ ನೋಡಲಿ: ಹಳೆಯ ಪ್ರತಿಗೆ ಒಣಗಿದ ಮರದ ವಾಸನೆಯಿರುತ್ತದೆ.